ದೇಶದ ಚರಿತ್ರೆಯಲ್ಲಿ ಹೆಣ್ಣು ಕಣ್ಮರೆಯಾಗುವ ಬಗೆ

1623ರ ಕೊನೆಯಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿನ ಸೀಮೆಗೆ ಬಂದಾಗ, ಪೋರ್ಚುಗೀಸರನ್ನು ಸೋಲಿಸಿದಳೆಂದು ಹೆಸರಾಗಿದ್ದ ಉಳ್ಳಾಲದ ರಾಣಿಯನ್ನು ನೋಡಿಯೇ ಹೋಗಬೇಕೆಂದು ಹೊರಟ. ರಾಣಿ ಆಗ ಉಳ್ಳಾಲದಲ್ಲಿರಲಿಲ್ಲ, ಒಳನಾಡಿನ ಮಣೇಲಿನಲ್ಲಿದ್ದಳು. ಅಲ್ಲಿ ಅವಳು ಅವನಿಗೆ ಎದುರಾದದ್ದು ಬೀದಿಯಲ್ಲಿ. ಬರಿಗಾಲು, ಸೊಂಟಕ್ಕೆ ಸುತ್ತಿಕೊಂಡ ದಪ್ಪನೆಯ ಬಿಳಿಯ ಹತ್ತಿಬಟ್ಟೆ, ತಲೆ ಮತ್ತು ಹೆಗಲನ್ನು ಮುಚ್ಚಿದ ಇನ್ನೊಂದು ವಸ್ತ್ರ, ಮೇಲೆ ತಾಳೆಗರಿಯ ಕೊಡೆ. ತಾನು ಮಾಡಿಸುತ್ತಿದ್ದ ಅಗೆತದ ಕೆಲಸವನ್ನು ಕಣ್ಣಾರೆ ನೋಡಲು ಅವಳು ನಡೆದು ಹೋಗುತ್ತಿದ್ದಳು. ನೋಟಕ್ಕೆ ಈಕೆ ಕುಲೀನ ರಾಣಿಗಿಂತ ಅಡುಗೆಮನೆಯ ಕೊಳಕು ಆಳಿನಂತೆ, ಅಗಸಗಿತ್ತಿಯಂತೆ ಕಾಣುತ್ತಾಳೆ, ಸ್ಪೇನಿನ ದೊರೆಯ ಸೇನೆಗಳನ್ನು ಇಂಡಿಯಾದಲ್ಲಿ ಹಿಮ್ಮೆಟ್ಟಿಸುತ್ತಿರುವವಳು ಇವಳೇ ನೋಡು ಎಂದು ತನ್ನೊಳಗೇ ಹೇಳಿಕೊಂಡುದಾಗಿ ಅವನು ಬರೆದಿದ್ದಾನೆ. ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಕೈಯಲ್ಲಿತ್ತು. ಆದರೆ ಮಾತಿಗೆ ತೊಡಗಿದಾಗ ಅವಳ ಯೋಗ್ಯತೆ ತಿಳಿಯಿತೆಂಬುದನ್ನೂ ಅವನೇ ದಾಖಲಿಸಿದ್ದಾನೆ.

ದೆಲ್ಲಾ ವಾಲ್ಲೆಯನ್ನು ದೂರುವುದು ಸುಲಭ. ಆದರೆ ತನ್ನ ಕಣ್ಣು ಏನನ್ನು ಹುಡುಕುತ್ತಿತ್ತು, ಎದುರಿಗೆ ಏನಿತ್ತು ಎಂಬೆರಡನ್ನೂ ಅವನು ಬಚ್ಚಿಡದೆ ಬರೆದ. ದೇಶದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅಷ್ಟು ಪ್ರಾಮಾಣಿಕರಲ್ಲ. ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡ ಆಕಾರಕ್ಕೆ ಹೊಂದದ ಹೆಣ್ಣನ್ನು ಒಂದೋ ಅವರು ಬಿಟ್ಟುಬಿಡುತ್ತಾರೆ, ಇಲ್ಲವೇ ಹೊಂದುವಷ್ಟು ಕತ್ತರಿಸಿ ಸೇರಿಸಿಕೊಳ್ಳುತ್ತಾರೆ. ಇತಿಹಾಸದಲ್ಲಿ ಹೆಣ್ಣಿನ ವಿಷಯಕ್ಕಾದ ಪಕ್ಷಪಾತವನ್ನು ನಾವು ಸಾಮಾನ್ಯವಾಗಿ ಮರೆವು ಎಂದು ಭಾವಿಸಿ, ಮರೆತ ಹೆಸರುಗಳನ್ನು ಸೇರಿಸಿದರೆ ಸರಿಹೋಯಿತೆಂದುಕೊಳ್ಳುತ್ತೇವೆ. ಉಳ್ಳಾಲದ ರಾಣಿಯನ್ನು ಯಾರೂ ಮರೆತಿಲ್ಲ. 2012ರಲ್ಲಿ ಭಾರತೀಯ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ರಾಣಿ ಅಬ್ಬಕ್ಕಳ ಹೆಸರನ್ನೇ ಇಡಲಾಯಿತು. ಆದರೂ ಅವಳ ಚರಿತ್ರೆ ನಮ್ಮ ಕೈಯಲ್ಲಿ ಎಷ್ಟು ಸೊರಗಿದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು.

ಮೊದಲನೆಯದಾಗಿ, ಅಬ್ಬಕ್ಕ ಎಷ್ಟು ಮಂದಿ? ಉಳ್ಳಾಲದ ಮೇಲೆ ಪೋರ್ಚುಗೀಸರ ದಾಳಿಗಳು 1550ರ ದಶಕದಷ್ಟು ಹಿಂದಿನವು, ಇಟಲಿಯವನು ರಾಣಿಯನ್ನು ಕಂಡದ್ದು 1623ರಲ್ಲಿ. ಈ ಸುಮಾರು ಎಪ್ಪತ್ತು ವರ್ಷಗಳ ಘಟನೆಗಳನ್ನೆಲ್ಲ ಜನಪ್ರಿಯ ಕಥನ ಒಬ್ಬಳೇ ಅಬ್ಬಕ್ಕಳ ಹೆಗಲಿಗೆ ಹೊರಿಸುತ್ತದೆ, ಸಂಶೋಧಕರಾದರೋ ಒಬ್ಬರಿಗಿಂತ ಹೆಚ್ಚು ರಾಣಿಯರು ಇದ್ದಿರಬೇಕೆಂದು ಹೇಳುತ್ತ ಬಂದಿದ್ದಾರೆ. ರಾಜರ ವಿಷಯದಲ್ಲಿ ನಾವು ಎಷ್ಟು ಕಟ್ಟುನಿಟ್ಟಿನವರು ನೋಡಿ: ಇಮ್ಮಡಿ ಪುಲಕೇಶಿ, ಆರನೆಯ ವಿಕ್ರಮಾದಿತ್ಯ, ಮುಮ್ಮಡಿ ಕೃಷ್ಣರಾಜ. ಒಬ್ಬನ ಯುದ್ಧ ಇನ್ನೊಬ್ಬನ ಲೆಕ್ಕಕ್ಕೆ ಹೋದರೆ ಪರೀಕ್ಷೆಯಲ್ಲಿ ಅಂಕ ಕಳೆಯುತ್ತಾರೆ. ಇಮ್ಮಡಿ ಅಬ್ಬಕ್ಕ ಎಂಬ ಮಾತು ಮಾತ್ರ ನಮ್ಮ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ. ವೀರವನಿತೆ ಎಂಬುದು ಒಂದು ಅಚ್ಚು. ಆ ಅಚ್ಚಿನಲ್ಲಿ ಒಬ್ಬಳಿಗೆ ಮಾತ್ರ ಜಾಗವಿದೆ.

ಎರಡನೆಯದು, ರಾಣಿ ಎಂಬ ಪದದ್ದೇ ತೊಡಕು. ರಾಣಿಯೆಂದರೆ ರಾಜನ ಹೆಂಡತಿ, ರಾಜನಿಲ್ಲದಾಗ ಅವನ ವಿಧವೆ ಎಂದು ನಾವು ಹಿಡಿಯುತ್ತೇವೆ. ಕೆಳದಿಯ ಚೆನ್ನಮ್ಮಾಜಿಗೆ, ಕಿತ್ತೂರಿನ ಚೆನ್ನಮ್ಮನಿಗೆ ಈ ಅರ್ಥ ಒಪ್ಪುತ್ತದೆ. ಆದರೆ ಉಳ್ಳಾಲದ ಚೌಟರದು ಅಳಿಯಸಂತಾನದ ಮನೆತನ, ಅಲ್ಲಿ ಹಕ್ಕು ಹರಿಯುತ್ತಿದ್ದುದು ತಾಯಿಯ ಕಡೆಯಿಂದ. ಅಬ್ಬಕ್ಕ ಆಳಿದ್ದು ತನ್ನ ಹುಟ್ಟಿನ ಬಲದಿಂದ, ಅವಳ ಅಧಿಕಾರಕ್ಕೂ ಅವಳು ಕೈಹಿಡಿದ ನೆರೆಸೀಮೆಯ ಅರಸ ಬಂಗರಸನಿಗೂ ಸಂಬಂಧವಿರಲಿಲ್ಲ. ತಂದೆಯಿಂದ ಮಗನಿಗೆ ಎಂಬ ವಂಶವೃಕ್ಷವನ್ನೇ ರಾಜ್ಯದ ಬೆನ್ನೆಲುಬೆಂದು ತಿಳಿದ ಇತಿಹಾಸಕಾರನಿಗೆ ಇಂಥ ಮನೆತನವೇ ಒಂದು ಅಪವಾದವಾಗಿ, ತುಳುನಾಡಿನ ಒಂದು ವಿಲಕ್ಷಣ ಪದ್ಧತಿಯಾಗಿ ಕಾಣುತ್ತದೆ.

ಮೂರನೆಯದು ಯುದ್ಧದ ಕಾರಣ. ದೆಲ್ಲಾ ವಾಲ್ಲೆ ಕೊಟ್ಟ ವಿವರದಂತೆ, ರಾಣಿಗೂ ಅವಳ ಗಂಡ ಬಂಗರಸನಿಗೂ ವಿರಸವಾಗಿ, ಅವನು ಪೋರ್ಚುಗೀಸರ ನೆರವು ಪಡೆದಾಗ ಅವಳು ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನನ್ನು ತನ್ನ ಪಕ್ಷಕ್ಕೆ ಕರೆದಳು, ಪೋರ್ಚುಗೀಸರು ಸೋತರು. ಇದೇ ಕೆಲಸವನ್ನು ಒಬ್ಬ ಅರಸ ಮಾಡಿದ್ದರೆ ನಾವದನ್ನು ರಾಜತಂತ್ರವೆಂದೂ ಮೈತ್ರಿಕೂಟವೆಂದೂ ಕರೆಯುತ್ತಿದ್ದೆವು. ಇಲ್ಲಿಯೋ, ಒಂದು ಬಗೆಯ ಹೇಳಿಕೆಯಲ್ಲಿ ಅದು ಗಂಡ ಹೆಂಡಿರ ಜಗಳ, ಇನ್ನೊಂದು ಬಗೆಯಲ್ಲಿ ಇಕ್ಕೇರಿ ನಾಯಕನ ದಿಗ್ವಿಜಯದ ಒಂದು ಪ್ಯಾರಾ.

ಹೀಗೆ ಅಚ್ಚು ಮೊದಲು, ಮನುಷ್ಯರು ಆಮೇಲೆ ಎಂಬ ಕ್ರಮ ನಮ್ಮ ರಾಷ್ಟ್ರೀಯ ಇತಿಹಾಸಕ್ಕೆ ಅಂಟಿದ್ದು ಅದರ ಹುಟ್ಟಿನಲ್ಲಿಯೇ. ಇಂಡಿಯಾಕ್ಕೆ ಒಮ್ಮೆಯೂ ಬಾರದ ಜೇಮ್ಸ್ ಮಿಲ್ 1817ರಲ್ಲಿ ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಪ್ರಕಟಿಸಿದಾಗ, ಒರಟು ಜನಾಂಗಗಳಲ್ಲಿ ಹೆಂಗಸರು ಹೀನಸ್ಥಿತಿಯಲ್ಲಿರುತ್ತಾರೆ, ನಾಗರಿಕ ಜನಾಂಗಗಳಲ್ಲಿ ಮೇಲಿನ ಸ್ಥಿತಿಯಲ್ಲಿರುತ್ತಾರೆ ಎಂಬ ಅಳತೆಗೋಲನ್ನು ಹಿಡಿದು ಹಿಂದೂಗಳನ್ನು ಅಳೆದ. ಆಳುವುದಕ್ಕೆ ಬ್ರಿಟಿಷರಿಗಿದ್ದ ನೈತಿಕ ಹಕ್ಕಿಗೆ ಇದೊಂದು ಆಧಾರವಾಯಿತು. ನಮ್ಮವರು ಉತ್ತರ ಕೊಟ್ಟರು, ಆದರೆ ಅಳತೆಗೋಲನ್ನು ಮುರಿಯಲಿಲ್ಲ. ಅದೇ ಕೋಲಿನಿಂದ ಬೇರೆ ಅಳತೆ ತೋರಿಸಿದರು. ವೇದಕಾಲದಲ್ಲಿ ಗಾರ್ಗಿಯಿದ್ದಳು, ಮೈತ್ರೇಯಿಯಿದ್ದಳು, ಆಮೇಲಿನ ಕಾಲದಲ್ಲಿ, ಅದರಲ್ಲೂ ಪರಕೀಯರ ದಾಳಿಯಿಂದ, ಸ್ಥಿತಿ ಕೆಟ್ಟಿತು ಎಂಬ ಕಥೆ ರೂಪುಗೊಂಡಿತು. ಅ. ಸ. ಅಳತೇಕರರು 1938ರಲ್ಲಿ ಹಿಂದೂ ನಾಗರಿಕತೆಯಲ್ಲಿ ಮಹಿಳೆಯರ ಸ್ಥಾನಮಾನವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ ಈ ಕಥೆಗೆ ಪಾಂಡಿತ್ಯದ ಗಟ್ಟಿತನ ಕೊಟ್ಟಿತು. ‘ಪ್ರಾಚೀನ ಭಾರತದಲ್ಲಿ ಸ್ತ್ರೀಯರ ಸ್ಥಾನಮಾನ’ ಎಂದು ಇಂದಿಗೂ ಶಾಲಾ ಮಕ್ಕಳು ಬರೆಯುವ ಟಿಪ್ಪಣಿಯ ಮೂಲ ಈ ವಾಗ್ವಾದದಲ್ಲಿದೆ. ‘ಪ್ರಾಚೀನ ಭಾರತದಲ್ಲಿ ಪುರುಷರ ಸ್ಥಾನಮಾನ’ ಎಂಬ ಟಿಪ್ಪಣಿಯನ್ನು ಯಾರೂ ಯಾರಿಂದಲೂ ಬರೆಸಿದ್ದನ್ನು ನಾನು ಕಂಡಿಲ್ಲ. ಪುರುಷ ಚರಿತ್ರೆಯನ್ನು ಮಾಡುವವನು, ಸ್ತ್ರೀ ಅದರ ಮಟ್ಟವನ್ನು ತೋರಿಸುವ ಪಾದರಸದ ಕೊಳವೆ.

ಇತಿಹಾಸಕಾರ್ತಿ ಉಮಾ ಚಕ್ರವರ್ತಿಯವರು 1989ರಲ್ಲಿ ಈ ಕಥೆಗೆ ಒಂದು ಸರಳವಾದ ಪ್ರಶ್ನೆ ಕೇಳಿದರು: ಗಾರ್ಗಿಯ ಕಾಲದಲ್ಲಿಯೇ ಇದ್ದ ದಾಸಿ ಎಲ್ಲಿಗೆ ಹೋದಳು? ವೇದಸಾಹಿತ್ಯದಲ್ಲಿ ದಾಸಿಯರ ಉಲ್ಲೇಖವಿದೆ, ಆದರೆ ಸುವರ್ಣಯುಗದ ಚಿತ್ರದಲ್ಲಿ ಅವಳಿಲ್ಲ. ಸತಿಪದ್ಧತಿಯನ್ನು ನಿಷೇಧಿಸಿದ 1829ರ ಕಾನೂನಿನ ಸುತ್ತ ನಡೆದ ಚರ್ಚೆಯ ದಾಖಲೆಗಳನ್ನು ಓದಿದ ಇತಿಹಾಸಕಾರ್ತಿ ಲತಾ ಮಣಿಯವರು ಕಂಡದ್ದೂ ಇದನ್ನೇ ಹೋಲುತ್ತದೆ. ಅಧಿಕಾರಿಗಳು, ಪಂಡಿತರು, ಸುಧಾರಕರು, ಸಂಪ್ರದಾಯವಾದಿಗಳು ಎಲ್ಲರೂ ವಾದಿಸುತ್ತಿದ್ದುದು ಶಾಸ್ತ್ರ ಏನು ಹೇಳುತ್ತದೆ, ನಿಜವಾದ ಸಂಪ್ರದಾಯ ಯಾವುದು ಎಂಬುದನ್ನು. ಚಿತೆಯ ಮುಂದೆ ನಿಂತವಳ ನೋವಾಗಲಿ ಇಚ್ಛೆಯಾಗಲಿ ಆ ಕಡತಗಳಲ್ಲಿ ಅತ್ಯಲ್ಪ. ಅಂದರೆ ಹೆಣ್ಣಿನ ವಿಷಯವಾಗಿ ಪುಟಗಟ್ಟಲೆ ಬರೆದೂ ಅವಳನ್ನು ಹೊರಗಿಡಲು ಸಾಧ್ಯವಿದೆ. ಎಷ್ಟು ಪುಟ ಮಹಿಳೆಯರಿಗೆ ಮೀಸಲಾಗಿದೆ ಎಂದು ಎಣಿಸಿ ತೃಪ್ತರಾಗುವವರು ಇದನ್ನು ಗಮನಿಸಬೇಕು.

ನಮ್ಮ ಮೈಸೂರಿನ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಕಣ್ಮರೆಯಿದೆ, ಅದು ಕಾಲವಿಭಾಗದಿಂದ ಆಗುವಂಥದ್ದು. ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವರ ಮಗ ಕೃಷ್ಣರಾಜರಿಗೆ ಹತ್ತು ವರ್ಷ. 1895ರಿಂದ 1902ರ ಆಗಸ್ಟ್‌ವರೆಗೆ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ, ಅಂದರೆ ಎಳೆಯ ಅರಸನ ಪರವಾಗಿ ಆಳುವವರಾಗಿ, ಸಂಸ್ಥಾನದ ಮುಖ್ಯಸ್ಥೆಯಾಗಿದ್ದರು. ಬೆಂಗಳೂರಿಗೆ ಪ್ಲೇಗು ಬಂದದ್ದು, ಅದರ ಬೆನ್ನಿಗೇ ಬಸವನಗುಡಿ ಮಲ್ಲೇಶ್ವರಗಳು ಎದ್ದದ್ದು, ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾದದ್ದು, ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು, ಇವೆಲ್ಲವೂ ಈ ಏಳು ವರ್ಷಗಳ ಒಳಗೆ. ನಾವು ಓದುವ ಪಾಠಗಳಲ್ಲಿ ಆದರೆ ಈ ಕೆಲಸಗಳಲ್ಲಿ ಅರ್ಧ ದಿವಾನ್ ಶೇಷಾದ್ರಿ ಅಯ್ಯರ್ ಅವರ ಖಾತೆಗೆ, ಉಳಿದರ್ಧ ನಾಲ್ವಡಿಯವರ ಖಾತೆಗೆ ಜಮೆಯಾಗುತ್ತದೆ. ಎರಡು ಆಳ್ವಿಕೆಗಳ ನಡುವಿನದು ಒಂದು ಕಾಯುವ ಕೋಣೆ ಎಂಬಂತೆ ರೀಜೆನ್ಸಿಗೆ ಒಂದೆರಡು ಸಾಲು.

ಇಲ್ಲಿ ನ್ಯಾಯವಾಗಿಯೇ ಮಾತಾಡಬೇಕು. ರೀಜೆನ್ಸಿಯಲ್ಲಿ ಆಡಳಿತ ನಡೆಸಲು ಒಂದು ಸಮಿತಿಯಿತ್ತು, ಬಲವಾದ ದಿವಾನರಿದ್ದರು, ಮೇಲೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕಣ್ಣಿತ್ತು. ಪ್ರತಿಯೊಂದು ನಿರ್ಧಾರವನ್ನೂ ಮಹಾರಾಣಿಯವರದೆಂದು ಹೇಳಿಬಿಡುವುದು ಇನ್ನೊಂದು ಬಗೆಯ ತಪ್ಪು. ಆದರೆ ದಿವಾನರೂ ರೆಸಿಡೆಂಟರೂ ಅರಸರ ಕಾಲದಲ್ಲಿಯೂ ಇದ್ದರಲ್ಲವೇ? ಅರಸರ ವಿಷಯದಲ್ಲಿ ಸಹಿ ಯಾರದಿದೆಯೋ ಸಾಧನೆಯೂ ಅವರದೇ ಎಂದು ಒಪ್ಪುವ ನಾವು, ರೀಜೆಂಟರ ವಿಷಯದಲ್ಲಿ ಮಾತ್ರ ಹಿಂದೆ ಯಾರಿದ್ದರು ಎಂದು ಹುಡುಕುತ್ತೇವೆ. ಒಂದೇ ಕಡತಕ್ಕೆ ಎರಡು ಪ್ರಮಾಣ ಎಂದರೆ ಇದು.

ಅಧಿಕಾರವಿದ್ದವರ ಪಾಡೇ ಹೀಗಾದರೆ, ಅಧಿಕಾರವಿಲ್ಲದವರ ವಿಷಯ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಏಕೆಂದರೆ ಅಲ್ಲಿ ಹೋರಾಟಗಾರರು ಯಾರು ಎಂಬುದಕ್ಕೆ ಸರ್ಕಾರವೇ ಒಂದು ಲಿಖಿತ ವ್ಯಾಖ್ಯೆಯನ್ನು ಕೊಟ್ಟಿದೆ. ಸ್ವಾತಂತ್ರ್ಯದ 25ನೆಯ ವರ್ಷದಲ್ಲಿ, 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಆರಂಭಿಸಿದ, 1980ರಲ್ಲಿ ಸ್ವತಂತ್ರತಾ ಸೈನಿಕ ಸಮ್ಮಾನ ಎಂಬ ಹೆಸರು ಪಡೆದ ಪಿಂಚಣಿ ಯೋಜನೆಯ ಮುಖ್ಯ ಅರ್ಹತೆ ಆರು ತಿಂಗಳ ಸೆರೆವಾಸ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಇದು ಮೂರು ತಿಂಗಳು. ಭೂಗತರಾಗಿದ್ದವರಿಗೂ ಅವಕಾಶವುಂಟು, ಆದರೆ ಅವರ ಮೇಲೆ ವಾರಂಟೋ ಬಹುಮಾನವೋ ಘೋಷಣೆಯಾಗಿದ್ದುದಕ್ಕೆ ದಾಖಲೆ ಬೇಕು. ನಿಯಮ ಮಾಡಿದವರಲ್ಲಿ ಹೆಂಗಸರ ಬಗ್ಗೆ ಸಹಾನುಭೂತಿಯಿತ್ತೆಂಬುದಕ್ಕೆ ಆ ಮೂರು ತಿಂಗಳ ರಿಯಾಯಿತಿಯೇ ಸಾಕ್ಷಿ. ಆದರೂ ಅಳತೆ ಜೈಲಿನದೇ. ಭೂಗತನಾಗಿದ್ದವನನ್ನು ಅಟ್ಟದ ಮೇಲೆ ಅಡಗಿಸಿ, ಪೊಲೀಸರು ಬಂದಾಗ ಬಾಗಿಲಲ್ಲಿ ನಿಂತು ಸುಳ್ಳು ಹೇಳಿ, ರಾತ್ರಿ ಅವನಿಗೆ ಊಟ ಒಯ್ದವಳ ಮೇಲೆ ವಾರಂಟು ಹೊರಡಲಿಲ್ಲ. ಅವಳು ಸಿಕ್ಕಿಬೀಳದೆ ಕೆಲಸ ಮಾಡಿದ್ದರಿಂದಲೇ ಅವನು ಬದುಕಿಕೊಂಡ. ಸಿಕ್ಕಿಬೀಳದಿರುವುದೇ ಕೆಲಸವಾಗಿದ್ದವರಿಗೆ ಸಿಕ್ಕಿಬಿದ್ದ ದಾಖಲೆ ಎಲ್ಲಿಂದ ಬರಬೇಕು? ಮುಂದೆ ಅವಳು ಸರ್ಕಾರಿ ಕಡತಕ್ಕೆ ಬರುವುದು ಗಂಡ ತೀರಿದ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ಹೋರಾಟಗಾರನ ವಿಧವೆ ಎಂಬ ಹೆಸರಿನಲ್ಲಿ.

ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನು ನೆನೆದರೆ ಈ ಅಳತೆಯ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಮಹಿಳಾ ಸ್ವಯಂಸೇವಕಿಯರ ಪಡೆಯನ್ನು ಕಟ್ಟಿದವರು ಅವರು. ಅವರೂ ಜೈಲಿಗೆ ಹೋದರು, ಆದ್ದರಿಂದ ಪಟ್ಟಿಯಲ್ಲಿದ್ದಾರೆ. ಆದರೆ ಅವರು ಮಾಡಿದ ಇನ್ನೊಂದು ಕೆಲಸವೆಂದರೆ ಬಿಡುಗಡೆಯಾಗಿ ಬಂದ ಸತ್ಯಾಗ್ರಹಿ ಹೆಂಗಸರನ್ನು ಬರಮಾಡಿಕೊಂಡು, ಉಣಬಡಿಸಿ, ಊರಿಗೆ ಕಳುಹಿಸುವ ವ್ಯವಸ್ಥೆ ಮಾಡುವುದು. ಜೈಲಿಗೆ ಹೋದ ಹೆಣ್ಣುಮಗಳನ್ನು ತವರೂ ಅತ್ತೆಮನೆಯೂ ಅನುಮಾನದಿಂದ ನೋಡಬಹುದಾಗಿದ್ದ ಕಾಲದಲ್ಲಿ ಇಂಥ ಒಂದು ಮನೆ ಇಲ್ಲದಿದ್ದರೆ ಎಷ್ಟು ಮಂದಿ ಮತ್ತೆ ಸತ್ಯಾಗ್ರಹಕ್ಕೆ ಬರುತ್ತಿದ್ದರು? ಚಳವಳಿ ನಡೆಯಲು ಭಾಷಣದಷ್ಟೇ ಇದೂ ಬೇಕಾಗಿತ್ತು. ಚರಿತ್ರೆಯ ಪುಸ್ತಕ ಇದನ್ನು ಸೇವೆ ಎಂಬ ಪದದಲ್ಲಿ ಮುಗಿಸುತ್ತದೆ, ಸಂಘಟನೆ ಎಂಬ ಪದವನ್ನು ಬೇರೆಯವರಿಗಾಗಿ ಇಟ್ಟುಕೊಳ್ಳುತ್ತದೆ.

ಭಾಷೆಯ ಮಾತು ಬಂದದ್ದರಿಂದ ಕನ್ನಡದ ಒಂದು ಸಂಗತಿಯನ್ನು ಹೇಳಬೇಕು. ಮನುಷ್ಯರನ್ನು ಹೇಳುವ ನಮ್ಮ ಬಹುವಚನದಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣೆಂಬ ಭೇದವಿಲ್ಲ. ರೈತರು, ಹೋರಾಟಗಾರರು, ಜನರು ಎಂದಾಗ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಮೇಲುನೋಟಕ್ಕೆ ಇದು ಎಷ್ಟೋ ಭಾಷೆಗಳಿಗಿಲ್ಲದ ಔದಾರ್ಯ. ಆದರೆ ‘ರೈತರು ಕಂದಾಯ ಕೊಡಲು ನಿರಾಕರಿಸಿದರು, ಅವರ ಹೆಂಡಿರು ಮಕ್ಕಳು ಬೀದಿಪಾಲಾದರು’ ಎಂಬಂಥ ವಾಕ್ಯವನ್ನು ನೋಡಿ. ಮೊದಲ ಅರ್ಧದಲ್ಲಿ ಎಲ್ಲರನ್ನೂ ಒಳಗೊಂಡಂತಿದ್ದ ರೈತರು, ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಗಂಡಸರು ಮಾತ್ರ ಆಗಿಬಿಡುತ್ತಾರೆ. ಏಕವಚನದಲ್ಲಿ ಆ ಮುಸುಕೂ ಇರುವುದಿಲ್ಲ: ಆದಿಮಾನವನು ಬೇಟೆಯಾಡುತ್ತಿದ್ದನು, ಬೆಂಕಿಯನ್ನು ಕಂಡುಹಿಡಿದನು. ಬಹುವಚನ ಹೆಣ್ಣನ್ನು ಒಳಗೆ ಸೇರಿಸಿಕೊಂಡೇ ಮರೆಮಾಡುವುದರಿಂದ ಓದುಗನಿಗೆ ಏನೋ ಬಿಟ್ಟುಹೋಗಿದೆ ಎಂದು ಅನ್ನಿಸುವುದೂ ಇಲ್ಲ.

ಕರ ನಿರಾಕರಣೆಯ ಉದಾಹರಣೆಯನ್ನು ನಾನು ಸುಮ್ಮನೆ ಆರಿಸಲಿಲ್ಲ. ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳಲ್ಲಿ 1930ರ ದಶಕದ ಆರಂಭದಲ್ಲಿ ನಡೆದ ಕರ ನಿರಾಕರಣೆಯಲ್ಲಿ ಸರ್ಕಾರ ರೈತರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು ಹರಾಜಿಗಿಟ್ಟಿತು. ಗಂಡಸರಲ್ಲಿ ಬಹಳಷ್ಟು ಮಂದಿ ಜೈಲಿನಲ್ಲಿದ್ದಾಗ ಸಿದ್ದಾಪುರದ ಕಡೆಯ ಹೆಂಗಸರು ಹರಾಜಿನಲ್ಲಿ ಆಸ್ತಿ ಕೊಂಡವರ ಮನೆಗಳ ಮುಂದೆ ಉಪವಾಸ ಕುಳಿತರು. ಎದುರಾಳಿ ದೂರದ ಸರ್ಕಾರವಲ್ಲ, ಹಬ್ಬಕ್ಕೆ ಹುಣ್ಣಿಮೆಗೆ ಮುಖ ನೋಡಲೇಬೇಕಾದ ನೆರೆಯವನು. ಮಾವಿನಗುಂಡಿಯಲ್ಲಿ ಈ ಮಹಿಳೆಯರ ಸ್ಮಾರಕವಿದೆ, ಜೋಗಕ್ಕೆ ಹೋಗುವವರು ಅದರ ಹತ್ತಿರದಿಂದಲೇ ಹಾದುಹೋಗುತ್ತಾರೆ. ದಂಡಿಯನ್ನು ಬಲ್ಲ ಕನ್ನಡದ ಮಕ್ಕಳಲ್ಲಿ ಮಾವಿನಗುಂಡಿಯನ್ನು ಬಲ್ಲವರು ಎಷ್ಟು ಮಂದಿಯೋ. ದಂಡಿಗೆ 1930ರ ಮಾರ್ಚ್ 12ರಂದು ಗಾಂಧೀಜಿಯೊಡನೆ ಹೊರಟ 78 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಎಂಬುದನ್ನೂ, ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೆ ಅವಕಾಶ ಕೊಡಬೇಕೆಂದು ಗಾಂಧೀಜಿಯನ್ನು ಒಪ್ಪಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮುಖ್ಯರು ಎಂಬುದನ್ನೂ ಅದೇ ಪಾಠದಲ್ಲಿ ಹೇಳಬಹುದಿತ್ತು.

ದೇಶ ಎಂಬ ಘಟಕವೇ ಹೆಣ್ಣಿನ ಮೇಲೆ ಹೇಗೆ ಬೀಳುತ್ತದೆ ಎಂಬುದಕ್ಕೆ ವಿಭಜನೆಯಷ್ಟು ಕಟುವಾದ ನಿದರ್ಶನ ಬೇರೆಯಿಲ್ಲ. ವಿಭಜನೆಯ ಚರಿತ್ರೆ ಬಹುಕಾಲ ಮೌಂಟ್‌ಬ್ಯಾಟನ್, ನೆಹರೂ, ಜಿನ್ನಾ ಮತ್ತು ಗಡಿರೇಖೆಯ ಚರಿತ್ರೆಯಾಗಿತ್ತು. ಅಪಹರಣಕ್ಕೊಳಗಾದ ಹೆಂಗಸರನ್ನು ಹುಡುಕಿ ಮರಳಿ ತರಲು ಎರಡೂ ಸರ್ಕಾರಗಳು 1947ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡವು, 1949ರಲ್ಲಿ ಭಾರತ ಒಂದು ಕಾನೂನನ್ನೂ ಮಾಡಿತು. ಆ ಕಾನೂನಿನ ವ್ಯಾಖ್ಯೆಯಲ್ಲಿ ಗಂಡಾದರೆ ಹದಿನಾರು ವರ್ಷದೊಳಗಿನ ಬಾಲಕ, ಹೆಣ್ಣಾದರೆ ಯಾವ ವಯಸ್ಸಿನವಳಾದರೂ ಸರಿ. ವಯಸ್ಕ ಹೆಣ್ಣಿಗೆ ತಾನು ಎಲ್ಲಿರಬೇಕೆಂದು ಹೇಳುವ ಹಕ್ಕು ಇರಲಿಲ್ಲ. ಅವಳ ಧರ್ಮ ಯಾವುದೋ ಅದರ ಮೇಲೆ ಅವಳ ದೇಶ ತೀರ್ಮಾನವಾಯಿತು. 1990ರ ದಶಕದಲ್ಲಿ ಊರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಾಸಿನ್ ಅವರು ಬದುಕುಳಿದವರ ಮಾತನ್ನು ಕೇಳಿ ದಾಖಲಿಸುವವರೆಗೆ ಈ ಸಂಗತಿ ಕಡತಗಳಲ್ಲಿ ಪುನರ್ವಸತಿ ಎಂಬ ತಲೆಬರಹದಡಿ ಇತ್ತು. ತಮಗಾದುದನ್ನು ಹೇಳಲು ಎಷ್ಟೋ ಹೆಂಗಸರು ಆಗಲೂ ಒಪ್ಪಲಿಲ್ಲ. ಆ ಮೌನವನ್ನು ದಾಖಲೆಯ ಕೊರತೆ ಎಂದು ಎಣಿಸುವುದೋ, ದಾಖಲೆಯೆಂದೇ ಎಣಿಸುವುದೋ ಎಂಬುದು ಅವರ ಕೆಲಸದಿಂದ ಎದ್ದ ದೊಡ್ಡ ಪ್ರಶ್ನೆ.

ಆಧಾರವಿಲ್ಲ, ಆದ್ದರಿಂದ ಬರೆಯಲಾಗದು ಎಂಬ ಸಮರ್ಥನೆಯನ್ನು ಇತಿಹಾಸಕಾರರು ಮೇಲಿಂದ ಮೇಲೆ ಕೊಡುತ್ತಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಚಿತ್ರದುರ್ಗದ ಓಬವ್ವ ಜನರ ನೆನಪಿನಲ್ಲಿ ಬದುಕಿರುವಷ್ಟು ಗಟ್ಟಿಯಾಗಿ ಬರಹದ ದಾಖಲೆಯಲ್ಲಿ ಬದುಕಿಲ್ಲ, ಅದನ್ನು ಒಪ್ಪಿಕೊಳ್ಳುವುದರಿಂದ ಅವಳಿಗೆ ಅವಮಾನವಾಗುವುದಿಲ್ಲ. ಆದರೆ ಎಷ್ಟೋ ಕಡೆ ಆಧಾರವಿದೆ, ಕತ್ತರಿಸಿದವರು ಆಮೇಲೆ ಬಂದವರು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ತನ್ನ ತೆಲುಗು ಕಾವ್ಯದ ಪೀಠಿಕೆಯಲ್ಲಿ ತನ್ನ ಅಜ್ಜಿ ಮೊದಲಾದ ಹೆಂಗಸರ ಪರಂಪರೆಯನ್ನು ಹೇಳಿಕೊಂಡಿದ್ದಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಮುದ್ರಣ ಆ ಪೀಠಿಕೆಯನ್ನೇ ಕೈಬಿಟ್ಟಿತು. ನಂಜನಗೂಡಿನಲ್ಲಿ ಹುಟ್ಟಿ ಹೆಸರಾಂತ ಗಾಯಕಿಯಾದ ಬೆಂಗಳೂರು ನಾಗರತ್ನಮ್ಮನವರು ಹಳೆಯ ಪ್ರತಿಯನ್ನು ಹುಡುಕಿ 1910ರಲ್ಲಿ ಪೂರ್ಣ ಕಾವ್ಯವನ್ನು ಅಚ್ಚುಹಾಕಿಸಿದಾಗ, ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರು ಹೆಣ್ಣೊಬ್ಬಳು ಬರೆಯಬಾರದ ಶೃಂಗಾರವೆಂದು ಟೀಕಿಸಿದ್ದಕ್ಕೆ, ಗಂಡಸರು ಬರೆದ ಶೃಂಗಾರವನ್ನು ಮುಂದಿಟ್ಟು ಉತ್ತರಿಸಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು, ನಿಷೇಧ ತೆರವಾದದ್ದು ಸ್ವಾತಂತ್ರ್ಯ ಬರುವ ಹೊತ್ತಿಗೆ.

ಎಲ್ಲಿಯೂ ಕತ್ತರಿ ಆಡದೆ, ಎಲ್ಲರ ಕಣ್ಣೆದುರಿಗೇ ಇದ್ದು, ಪ್ರಶ್ನೆ ಕೇಳುವವರಿಲ್ಲದೆ ಬಿದ್ದಿರುವ ಆಧಾರಗಳೂ ಉಂಟು. ನಮ್ಮ ವೀರಗಲ್ಲುಗಳಲ್ಲಿ ಪೆಣ್ಬುಯ್ಯಲ್ ಎಂಬ ಮಾತು ಬರುತ್ತದೆ, ಅಂದರೆ ಹೆಣ್ಣಿನ ಕೂಗಿಗೆ ಓಗೊಟ್ಟು ಅವಳ ರಕ್ಷಣೆಗಾಗಿ ನಡೆದ ಕಾದಾಟ. ಬಿದ್ದವನ ಹೆಸರು ಕಲ್ಲಿನಲ್ಲಿದೆ. ಕೂಗಿದವಳು ಯಾರು, ಕಾದಾಟದ ಮಾರನೆಯ ದಿನ ಅವಳಿಗೇನಾಯಿತು ಎಂಬುದನ್ನು ಕಲ್ಲು ಹೇಳುವುದಿಲ್ಲ, ಕಲ್ಲಿನ ಬಗ್ಗೆ ಬರೆದವರೂ ಕೇಳುವುದು ಕಡಿಮೆ. ಇನ್ನು ವಿಜಯನಗರ. ಹದಿನಾರನೆಯ ಶತಮಾನದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದದ್ದನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಸೈನ್ಯದ ಲೆಕ್ಕಕ್ಕಾಗಿ, ಸಿಂಹಾಸನದ ಒಳಸಂಚುಗಳಿಗಾಗಿ ಅದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಬರಹದಲ್ಲಿ ಅರಮನೆಯ ಕುಸ್ತಿಯ ಹೆಂಗಸರ, ಜ್ಯೋತಿಷ ಹೇಳುವವರ, ಕಾವಲಿನವರ ಮಾತಿನ ಜೊತೆಗೆ ಇನ್ನೊಂದು ಮಾತಿದೆ. ಅರಮನೆಯ ಒಳಗಿನ ಖರ್ಚುವೆಚ್ಚವನ್ನು ಬರೆಯುವ ಹೆಂಗಸರಿದ್ದರು, ರಾಜ್ಯದ ಎಲ್ಲ ವ್ಯವಹಾರಗಳನ್ನು ಬರೆದಿಡುವುದೇ ಕೆಲಸವಾಗಿದ್ದ ಬೇರೆ ಹೆಂಗಸರಿದ್ದರು, ಮತ್ತು ಅವರು ತಮ್ಮ ಪುಸ್ತಕಗಳನ್ನು ಹೊರಗಿನ ಬರಹಗಾರರ ಪುಸ್ತಕಗಳೊಡನೆ ತಾಳೆ ನೋಡುತ್ತಿದ್ದರು.